‘ಎಂ’ ಚಿತ್ರದ ಹಲವು ಪ್ರತಿಗಳು

ಹಳೆಯ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಪಂಡಿತರು ಮೊದಲು ಮಾಡುವ ಕೆಲಸ ಓಲೆಗರಿಯ ಪ್ರತಿಗಳನ್ನು ಕೂಡಿಹಾಕುವುದು. ಒಂದು ಮಠದಲ್ಲಿ ಒಂದು ಕಟ್ಟು ದೊರೆಯುತ್ತದೆ. ಯಾವುದೋ ಮನೆತನದ ಅಟ್ಟದ ಮೇಲೆ ಇನ್ನೊಂದು. ಒಂದರಲ್ಲಿ ಗರಿಗಳು ಉದುರಿಹೋಗಿರುತ್ತವೆ. ಇನ್ನೊಂದರಲ್ಲಿ ಲಿಪಿಕಾರನು ತನಗೆ ತೋಚಿದ ನಾಲ್ಕು ಪದ್ಯಗಳನ್ನು ನಡುವೆ ಸೇರಿಸಿಬಿಟ್ಟಿರುತ್ತಾನೆ. ಹೋದದ್ದನ್ನು ಲೋಪವೆಂದೂ ಬಂದು ಸೇರಿದ್ದನ್ನು ಪ್ರಕ್ಷಿಪ್ತವೆಂದೂ ಪಂಡಿತರು ಗುರುತಿಸುತ್ತಾರೆ. ಇವೆರಡನ್ನೂ ತೂಗಿ ನೋಡದೆ, ಕವಿಯು ಹೇಳಿದ್ದು ಹೀಗೆಯೇ ಎಂದು ಸಾಧಿಸುವವರ ಮಾತಿಗೆ ವಿದ್ವಾಂಸರ ಸಭೆಯಲ್ಲಿ ಬೆಲೆಯಿಲ್ಲ.

ಚಲಚ್ಚಿತ್ರಗಳ ವಿಷಯದಲ್ಲಿಯೂ ಇಂಥ ಪಾಠಾಂತರಗಳುಂಟು ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಡಿಸ್ಕಿನ ಡಬ್ಬಿಯ ಮೇಲೆ ಚಿತ್ರದ ಹೆಸರೂ ನಟನ ಮುಖವೂ ಕಂಡರೆ ಸಾಕು, ಒಳಗಿರುವುದು ಆ ಚಿತ್ರವೇ ಎಂದು ನಂಬಿ ಮನೆಗೆ ತರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಒಂದೇ ಹೆಸರಿನ ಎರಡು ಡಿಸ್ಕುಗಳಲ್ಲಿ ಒಂದು ಇಪ್ಪತ್ತು ನಿಮಿಷ ಮೊಟಕಾಗಿರಬಹುದು. ಇನ್ನೊಂದರಲ್ಲಿ ನಿರ್ದೇಶಕನು ಕನಸಿನಲ್ಲಿಯೂ ನೆನೆಯದ ಶಬ್ದಗಳು ಕೇಳಿಬರಬಹುದು. ಈ ವ್ಯತ್ಯಾಸದಿಂದ ಕೆಡುವುದು ಚಿತ್ರದ ಅಂದವೊಂದೇ ಅಲ್ಲ, ಅರ್ಥವೂ ಕೆಡುತ್ತದೆ. ಇದಕ್ಕೆ 1931ರ ಜರ್ಮನ್ ಚಿತ್ರ ‘ಎಂ’ಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಕಳ್ಳರು ಕೂಡಿಸಿದ ನ್ಯಾಯಸ್ಥಾನ

‘ಎಂ’ ಚಿತ್ರವು 1931ರ ಮೇ 11ರಂದು ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ತೆರೆಗೆ ಬಂದಿತು. ನಿರ್ದೇಶಕರು ಫ್ರಿಟ್ಸ್ ಲ್ಯಾಂಗ್. ಚಿತ್ರಕಥೆಯನ್ನು ಅವರೂ ಅವರ ಪತ್ನಿ ಥೇಯಾ ಫಾನ್ ಹಾರ್ಬೂ ಅವರೂ ಕೂಡಿ ಬರೆದರು. ಛಾಯಾಗ್ರಾಹಕರು ಫ್ರಿಟ್ಸ್ ಆರ್ನೊ ವಾಗ್ನರ್. ನಿರ್ಮಾಪಕರು ಸೇಮೂರ್ ನೆಬೆನ್ಸಾಲ್. ಮೂಕಚಿತ್ರಗಳಿಂದ ಜಗತ್ಪ್ರಸಿದ್ಧರಾಗಿದ್ದ ಲ್ಯಾಂಗ್ ಅವರಿಗೆ ಇದು ಮೊದಲನೆಯ ವಾಕ್ಚಿತ್ರ. ಕೊಲೆಗಾರನ ಪಾತ್ರ ವಹಿಸಿದ ಪೀಟರ್ ಲೋರೆ ಅವರಿಗೆ ಕೀರ್ತಿ ತಂದ ಚಿತ್ರವೂ ಇದೇ.

ಕಥೆ ಸರಳವಾದುದು. ಮಹಾನಗರವೊಂದರಲ್ಲಿ ಪುಟ್ಟ ಬಾಲಕಿಯರು ಒಬ್ಬರ ಹಿಂದೊಬ್ಬರು ಕಾಣೆಯಾಗುತ್ತಿದ್ದಾರೆ. ಎಲ್ಸಿ ಎಂಬ ಹುಡುಗಿ ಶಾಲೆಯಿಂದ ಚೆಂಡು ಪುಟಿಸುತ್ತ ಮನೆಗೆ ಹೊರಟಿದ್ದಾಳೆ. ಆ ಚೆಂಡು ಹೋಗಿ ಬಡಿಯುವುದು ಒಂದು ಪ್ರಕಟಣೆಗೆ. ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ 10,000 ಮಾರ್ಕ್ ಬಹುಮಾನವೆಂದು ಅದರಲ್ಲಿ ಬರೆದಿದೆ. ಆ ಅಕ್ಷರಗಳ ಮೇಲೆಯೇ ಒಬ್ಬ ಗಂಡಸಿನ ನೆರಳು ಬೀಳುತ್ತದೆ. ಆತನು ಶಿಳ್ಳೆ ಹಾಕುತ್ತ, ಕುರುಡ ವ್ಯಾಪಾರಿಯಿಂದ ಬಲೂನೊಂದನ್ನು ಕೊಂಡು ಮಗುವಿನ ಕೈಗೆ ಕೊಡುವನು. ಅತ್ತ ತಾಯಿಯು ಊಟದ ಮೇಜಿನ ಮೇಲೆ ತಟ್ಟೆಯಿಟ್ಟು ಕಾಯುತ್ತಾಳೆ. ಮೆಟ್ಟಿಲಿನ ಬಳಿ ಬಂದು ಮಗಳ ಹೆಸರು ಹಿಡಿದು ಕೂಗುತ್ತಾಳೆ. ತೆರೆಯ ಮೇಲೆ ಬರಿದಾದ ಮೆಟ್ಟಿಲು, ಬರಿದಾದ ಅಟ್ಟ, ಮುಟ್ಟದ ತಟ್ಟೆ, ಹುಲ್ಲಿನ ಮೇಲೆ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು ಇಷ್ಟೇ ಕಾಣುತ್ತವೆ. ಕೊಲೆಯನ್ನು ಲ್ಯಾಂಗ್ ಎಲ್ಲಿಯೂ ತೋರಿಸುವುದಿಲ್ಲ.

ಪೋಲೀಸರು ರಾತ್ರಿ ರಾತ್ರಿ ದಾಳಿ ನಡೆಸುತ್ತಾರೆ. ಇದರಿಂದ ಊರಿನ ಕಳ್ಳರ, ಜೇಬುಗಳ್ಳರ, ಜೂಜುಕೋರರ ವ್ಯವಹಾರಕ್ಕೆ ಸಂಚಕಾರ ಬರುತ್ತದೆ. ಅವರು ಸಭೆ ಸೇರಿ, ಕೊಲೆಗಾರನನ್ನು ತಾವೇ ಹಿಡಿಯುವುದೆಂದು ತೀರ್ಮಾನಿಸುತ್ತಾರೆ. ಬೀದಿ ಬೀದಿಗೆ ಭಿಕ್ಷುಕರನ್ನು ಕಾವಲಿಡುತ್ತಾರೆ. ಕುರುಡ ವ್ಯಾಪಾರಿಯ ಕಿವಿಗೆ ಅದೇ ಶಿಳ್ಳೆ ಮತ್ತೊಮ್ಮೆ ಬೀಳುತ್ತದೆ. ಒಬ್ಬ ಯುವಕನು ಅಂಗೈಯಲ್ಲಿ ಸೀಮೆಸುಣ್ಣದಿಂದ ‘ಎಂ’ ಎಂಬ ಅಕ್ಷರವನ್ನು ಬರೆದುಕೊಂಡು, ಎಡವಿದವನಂತೆ ನಟಿಸಿ, ಆ ಮನುಷ್ಯನ ಹೆಗಲ ಮೇಲೆ ಒತ್ತುತ್ತಾನೆ. ಕೊಲೆಗಾರನೆಂಬ ಜರ್ಮನ್ ಪದದ ಮೊದಲ ಅಕ್ಷರ ಅದು. ಆತನು ಕಚೇರಿಗಳ ಕಟ್ಟಡವೊಂದರಲ್ಲಿ ಅಡಗಿಕೊಂಡಾಗ ಕಳ್ಳರ ತಂಡವು ಒಳನುಗ್ಗಿ, ಅಟ್ಟವನ್ನು ಜಾಲಾಡಿ, ಅವನನ್ನು ಅಪಹರಿಸಿ, ಹಾಳುಬಿದ್ದ ಸಾರಾಯಿ ಭಟ್ಟಿಯೊಂದಕ್ಕೆ ಹೊತ್ತೊಯ್ಯುತ್ತದೆ. ಅಲ್ಲಿ ನೂರಾರು ಅಪರಾಧಿಗಳು ಸಾಲಾಗಿ ಕುಳಿತಿದ್ದಾರೆ. ಕೊಲೆಗಳಿಗಾಗಿ ಪೋಲೀಸರು ಹುಡುಕುತ್ತಿರುವ ಷ್ರೆಂಕರ್ ಎಂಬ ನಾಯಕನೇ ಅಲ್ಲಿ ನ್ಯಾಯಾಧೀಶ. ಗುಸ್ತಾಫ್ ಗ್ರ್ಯೂಂಡ್ಗೆನ್ಸ್ ಎಂಬ ನಟರ ತಣ್ಣನೆಯ ಕಣ್ಣುಗಳು ಆ ಪಾತ್ರದಲ್ಲಿ ಮರೆಯಲಾಗದಂತಿವೆ.

ಪ್ರೇಕ್ಷಕನ ಮನಸ್ಸು ಇಬ್ಬಗೆಯಾಗುವುದು ಇಲ್ಲಿಯೇ. ಮಕ್ಕಳನ್ನು ಕೊಂದವನು ಮೊಣಕಾಲೂರಿ, ತನ್ನೊಳಗಿನ ಶಕ್ತಿಯೊಂದು ತನ್ನನ್ನು ಅಟ್ಟಿಸಿಕೊಂಡು ಬರುತ್ತಿದೆಯೆಂದೂ, ಅದರಿಂದ ತಪ್ಪಿಸಿಕೊಳ್ಳುವುದು ತನ್ನಿಂದಾಗದೆಂದೂ ಗೋಳಾಡುತ್ತಾನೆ. ಅವನ ಪರವಾಗಿ ನಿಂತ ವಕೀಲನು, ತನ್ನ ವಶದಲ್ಲಿ ತಾನಿಲ್ಲದವನನ್ನು ವೈದ್ಯನಿಗೆ ಒಪ್ಪಿಸಬೇಕೇ ಹೊರತು ಕೊಲ್ಲಲಾಗದೆಂದು ವಾದಿಸುತ್ತಾನೆ. ಸಭೆಯು ಅಟ್ಟಹಾಸ ಮಾಡುತ್ತದೆ. ಜನರು ಮೇಲೆ ಬೀಳುವಷ್ಟರಲ್ಲಿ ಎಲ್ಲರ ಕೈಗಳೂ ತಟ್ಟನೆ ಮೇಲೇಳುತ್ತವೆ. ಪೋಲೀಸರು ಬಂದಿದ್ದಾರೆ, ಆದರೆ ತೆರೆಯ ಮೇಲೆ ಅವರು ಕಾಣುವುದಿಲ್ಲ. ಕೊಲೆಗಾರನ ಹೆಗಲ ಮೇಲೆ ಒಂದು ಕೈ ಬೀಳುತ್ತದೆ, ಅಷ್ಟೇ. ‘ಎಂ’ ಅಕ್ಷರ ಬಿದ್ದುದೂ ಹೆಗಲ ಮೇಲೆ. ಕಾನೂನಿನ ಕೈ ಬಿದ್ದುದೂ ಹೆಗಲ ಮೇಲೆ. ಈ ಎರಡು ಕೈಗಳ ನಡುವಣ ಅಂತರವೇ ಚಿತ್ರದ ವಸ್ತು.

ಪ್ರತಿಗಳು ಕೆಟ್ಟ ಬಗೆ

ಮೊದಲ ಪ್ರದರ್ಶನದ ಕಾಲದಲ್ಲಿ ಚಿತ್ರದ ಉದ್ದ 3,208 ಮೀಟರ್, ಎಂದರೆ ಸುಮಾರು 117 ನಿಮಿಷ. 1933ರಲ್ಲಿ ಜರ್ಮನಿಯಲ್ಲಿ ನಾಟ್ಸಿಗಳ ಆಡಳಿತ ಬಂದಿತು. ಲ್ಯಾಂಗ್ ಮತ್ತು ಲೋರೆ ಇಬ್ಬರೂ ಅದೇ ವರ್ಷ ದೇಶ ಬಿಟ್ಟರು. 1934ರಲ್ಲಿ ಚಿತ್ರಕ್ಕೆ ನಿಷೇಧ ಬಿದ್ದಿತು. ಅನಂತರ ಯುದ್ಧ, ನಗರಗಳ ನಾಶ, ಪ್ರತಿಗಳ ಚೆಲ್ಲಾಪಿಲ್ಲಿ. 1960ರಲ್ಲಿ ಜರ್ಮನಿಯ ವಿತರಕರು ಚಿತ್ರವನ್ನು ಮತ್ತೆ ತೆರೆಗೆ ತಂದರು. ಆದರೆ ಆ ಪ್ರತಿ ನೂರು ನಿಮಿಷವೂ ಇರಲಿಲ್ಲ. ಮೇಲೂ ಕೆಳಗೂ ಕತ್ತರಿಸಿದ ಚೌಕಟ್ಟು, ಮೂಲದಲ್ಲಿಲ್ಲದ ಶಬ್ದಗಳು ಬೇರೆ. ಬಹುಕಾಲದವರೆಗೆ ಲೋಕವು ‘ಎಂ’ ಎಂದು ನೋಡಿದ್ದು ಇಂಥ ಪ್ರತಿಗಳನ್ನೇ.

ಹಾಗಾದರೂ ಈ ಚಿತ್ರದ ಅದೃಷ್ಟ ದೊಡ್ಡದೆನ್ನಬೇಕು. ಅದೇ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ತೆರೆಕಂಡ ‘ಆಲಂ ಆರಾ’ ಭಾರತದ ಮೊದಲನೆಯ ವಾಕ್ಚಿತ್ರ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೂ ಅದೇ ಗತಿಯಾಯಿತು. ಪ್ರತಿಯೇ ಇಲ್ಲದ ಮೇಲೆ ಪಾಠಾಂತರದ ಮಾತೆಲ್ಲಿ! ‘ಎಂ’ ಚಿತ್ರದ ಮೂಲ ನೆಗೆಟಿವು ಅರೆಕೊರೆಯಾಗಿಯಾದರೂ ಜರ್ಮನಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದನ್ನು ಆಧಾರವಾಗಿಟ್ಟುಕೊಂಡು, ನೆದರ್ಲೆಂಡ್ಸಿನ ಚಲಚ್ಚಿತ್ರ ಸಂಗ್ರಹಾಲಯವು ಇತರ ಸಂಸ್ಥೆಗಳೊಡನೆ ಕೂಡಿ, 2000ದ ವೇಳೆಗೆ ಚಿತ್ರವನ್ನು ಪುನರುದ್ಧಾರ ಮಾಡಿತು. ಹೀಗೆ ದೊರೆತದ್ದು ಸುಮಾರು 110 ನಿಮಿಷದ ಪಾಠ. ಉಳಿದ ಆರೇಳು ನಿಮಿಷ ಅದರಲ್ಲಿ ಸೇರಿಲ್ಲ.

ಈಗ ಡಿಸ್ಕುಗಳನ್ನು ತೂಗಿ ನೋಡುವುದಾದರೆ ಗಮನಿಸಬೇಕಾದ ಅಂಶಗಳು ಮೂರು: ಚೌಕಟ್ಟು, ಮೌನ, ಉದ್ದ.

ಚೌಕಟ್ಟಿನ ಲೆಕ್ಕ

ಮೂಕಚಿತ್ರಗಳ ಕಾಲದಲ್ಲಿ ಫಿಲ್ಮಿನ ಚೌಕಟ್ಟು ಮೂರಕ್ಕೆ ನಾಲ್ಕರ ಪ್ರಮಾಣದಲ್ಲಿತ್ತು. ಎತ್ತರ ಮೂರಾದರೆ ಅಗಲ ನಾಲ್ಕು. ಶಬ್ದವನ್ನೂ ಅದೇ ಫಿಲ್ಮಿನ ಮೇಲೆ ಮುದ್ರಿಸತೊಡಗಿದಾಗ, ಧ್ವನಿಯ ಪಟ್ಟಿಗೆ ಒಂದು ಅಂಚನ್ನು ಬಿಟ್ಟುಕೊಡಬೇಕಾಯಿತು. ಚಿತ್ರದ ಅಗಲ ಕುಗ್ಗಿತು. ಎತ್ತರ ಹಾಗೆಯೇ ಉಳಿಯಿತು. ಫಲವಾಗಿ ಚೌಕಟ್ಟು ಹೆಚ್ಚುಕಡಿಮೆ ಚೌಕವಾಯಿತು. ಎತ್ತರ 1 ಆದರೆ ಅಗಲ 1.19. ‘ಎಂ’ ತಯಾರಾದುದು ಈ ಅಳತೆಯಲ್ಲಿ. ಮರುವರ್ಷವೇ ಹಾಲಿವುಡ್ಡಿನವರು ಚಿತ್ರದ ಎತ್ತರವನ್ನೂ ಕುಗ್ಗಿಸಿ 1.37ರ ಪ್ರಮಾಣವನ್ನು ಗೊತ್ತುಮಾಡಿದರು. ಮುಂದೆ ಎಲ್ಲೆಡೆಯೂ ಅದೇ ರೂಢಿಯಾಯಿತು.

ಚೌಕಕ್ಕೆ ಸಮೀಪವಾದ ಚಿತ್ರವನ್ನು ಈ ಹೊಸ ಅಳತೆಗೆ ಹೊಂದಿಸಬೇಕಾದರೆ ಮೇಲೂ ಕೆಳಗೂ ಕತ್ತರಿ ಹಾಕದೆ ಗತಿಯಿಲ್ಲ. ಲೆಕ್ಕ ಹಾಕಿದರೆ ಎತ್ತರದಲ್ಲಿ ನೂರಕ್ಕೆ 13 ಪಾಲು ಹೋಗುತ್ತದೆ. ಇಂದಿನ ಅಗಲವಾದ ದೂರದರ್ಶನದ ತೆರೆಯನ್ನು ಪೂರ್ತಿ ತುಂಬಿಸುವ ಹಟದಿಂದ ಹಿಗ್ಗಿಸಿದರೆ ಚಿತ್ರದ ಮೂರನೆಯ ಒಂದು ಪಾಲೇ ಮಾಯವಾಗುತ್ತದೆ.

ಹೋದರೆ ಹೋಗಲಿ, ಸ್ವಲ್ಪ ಆಕಾಶ, ಸ್ವಲ್ಪ ನೆಲ ತಾನೇ ಎನ್ನುವಂತಿಲ್ಲ. ಲ್ಯಾಂಗ್ ಅವರು ವಾಸ್ತುಶಿಲ್ಪಿಯ ಮಗ; ತೆರೆಯ ಅಂಚನ್ನು ಗೋಡೆಯಂತೆ ಬಳಸಬಲ್ಲವರು. ತಾಯಿಯು ಕೂಗುವಾಗ ಕಾಣುವ ಮೆಟ್ಟಿಲುಗಳ ಆಳ ಎತ್ತರದಿಂದಲೇ ಹುಟ್ಟುತ್ತದೆ. ಚಾಕುಗಳ ಅಂಗಡಿಯ ಗಾಜಿನ ಮುಂದೆ ಕೊಲೆಗಾರನು ನಿಂತಿರುವಾಗ, ಅಲಂಕಾರವಾಗಿ ಜೋಡಿಸಿದ ಚಾಕುಗಳ ನಡುವೆ ಅವನ ಮುಖದ ಪ್ರತಿಬಿಂಬ ಕಾಣುತ್ತದೆ. ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು. ಬೀದಿಯಲ್ಲಿ ನಡೆಯುವ ಇನ್ನೊಂದು ಪ್ರಸಂಗವೂ ಉಂಟು. ಕನ್ನಡಕದ ಬಡಪಾಯಿಯೊಬ್ಬನನ್ನು ಒಂದು ಮಗು ಗಂಟೆ ಎಷ್ಟೆಂದು ಕೇಳುತ್ತದೆ. ಅವನು ಹೇಳುವಷ್ಟರಲ್ಲಿ ದೈತ್ಯನಂಥವನೊಬ್ಬನು ಬಂದು, ಮಗುವಿನೊಡನೆ ನಿನಗೇನು ಕೆಲಸವೆಂದು ಗದರಿಸುತ್ತಾನೆ. ಆ ಬಡಪಾಯಿಯನ್ನು ಮೇಲಿನಿಂದಲೂ ದೈತ್ಯನನ್ನು ಕೆಳಗಿನಿಂದಲೂ ತೋರಿಸಿದ್ದಾರೆ. ಒಬ್ಬನು ಕುಗ್ಗುವುದೂ ಇನ್ನೊಬ್ಬನು ಬೆಳೆಯುವುದೂ ಎತ್ತರದ ಮಾತು. ತಲೆಯನ್ನೂ ಕಾಲನ್ನೂ ಕತ್ತರಿಸಿದ ಪ್ರತಿಯಲ್ಲಿ ಈ ಭೇದ ಮಂಕಾಗುತ್ತದೆ.

ಆದುದರಿಂದ ತೆರೆಯ ಎಡಬಲಗಳಲ್ಲಿ ಕಪ್ಪು ಪಟ್ಟಿಗಳು ಕಂಡರೆ ಡಿಸ್ಕು ಕೆಟ್ಟಿತೆಂದು ತಿಳಿಯಬಾರದು. ಈ ಚಿತ್ರದ ಮಟ್ಟಿಗೆ ಅದು ನಿಷ್ಠೆಯ ಗುರುತು.

ಮೌನವೂ ಮಾತೇ

‘ಎಂ’ ಚಿತ್ರಕ್ಕೆ ಹಿನ್ನೆಲೆ ಸಂಗೀತವೆಂಬುದಿಲ್ಲ. ಕಥೆಯ ಬಹುಮುಖ್ಯ ನಾದವೆಂದರೆ ಕೊಲೆಗಾರನ ಶಿಳ್ಳೆ. ನಾರ್ವೆಯ ಸಂಗೀತಕಾರ ಗ್ರೀಗ್ ಅವರ ‘ಪೇರ್ ಗ್ಯುಂಟ್’ ಸಂಗೀತದಿಂದ ತೆಗೆದ ಒಂದು ತುಣುಕು. ಲೋರೆಯವರಿಗೆ ಶಿಳ್ಳೆ ಹಾಕಲು ಬಾರದಿದ್ದುದರಿಂದ ತಾವೇ ಹಾಕಿದುದಾಗಿ ಲ್ಯಾಂಗ್ ಹೇಳುತ್ತಿದ್ದರು. ಮುಖ ಕಾಣುವ ಮೊದಲೇ ಶಿಳ್ಳೆ ಕೇಳುತ್ತದೆ. ಕಣ್ಣಿದ್ದವರಾರೂ ಗುರುತಿಸಲಾರದವನನ್ನು ಕಣ್ಣಿಲ್ಲದವನು ಗುರುತಿಸುವುದು ಇದರಿಂದಲೇ.

ಇನ್ನೊಂದು ವಿಶೇಷವೆಂದರೆ, ಚಿತ್ರದ ಎಷ್ಟೋ ಭಾಗಗಳಲ್ಲಿ ಶಬ್ದವೇ ಇಲ್ಲ. ಬೀದಿಯಲ್ಲಿ ಪೋಲೀಸರು ಸಾಲುಗಟ್ಟಿ ಬರುವರು, ಹೆಜ್ಜೆಯ ಸಪ್ಪಳವಿಲ್ಲ. ವಾಹನಗಳು ಚಲಿಸುವುವು, ಸದ್ದಿಲ್ಲ. ಹಠಾತ್ತಾಗಿ ಒಂದು ಸಿಳ್ಳು ಕೇಳಿ ಎದೆ ಝಲ್ಲೆನ್ನುತ್ತದೆ. ವಾಕ್ಚಿತ್ರವು ಹೊಸದಾಗಿ ಬಂದಿದ್ದ ಆ ಕಾಲದಲ್ಲಿ ಉಳಿದವರೆಲ್ಲರೂ ತೆರೆಯನ್ನು ಮಾತಿನಿಂದಲೂ ಹಾಡಿನಿಂದಲೂ ತುಂಬುತ್ತಿದ್ದರೆ, ಶಬ್ದದ ಬೆಲೆ ಮೌನದಿಂದ ಹೆಚ್ಚುವುದೆಂದು ಲ್ಯಾಂಗ್ ಕಂಡುಕೊಂಡರು.

1960ರ ವಿತರಕರಿಗೆ ಈ ಮೌನವು ಹಳೆಯ ಕಾಲದ ಕೊರತೆಯಾಗಿ ತೋರಿರಬೇಕು. ಅವರು ನಿಶ್ಶಬ್ದವಾದ ಭಾಗಗಳಿಗೆ ಹೊಸ ಸದ್ದುಗಳನ್ನು ಮುದ್ರಿಸಿ ಸೇರಿಸಿದರು. ಪಂಡಿತರ ಪರಿಭಾಷೆಯಲ್ಲಿ ಇದು ಶುದ್ಧ ಪ್ರಕ್ಷಿಪ್ತ. ಲೋಪವಾದುದನ್ನು ಪ್ರೇಕ್ಷಕನು ಒಮ್ಮೊಮ್ಮೆ ಊಹಿಸಿಕೊಂಡಾನು. ಸೇರಿಸಿದ್ದನ್ನು ಅಳಿಸಿಕೊಂಡು ಕೇಳುವುದು ಅವನಿಂದಾಗದು. ಇಂಥ ಪ್ರತಿಯಿಂದ ತಯಾರಾದ ಡಿಸ್ಕನ್ನು ನೋಡುವವನಿಗೆ ಶಿಳ್ಳೆಯೂ ಹತ್ತು ಸದ್ದುಗಳಲ್ಲಿ ಒಂದಾಗಿಬಿಡುತ್ತದೆ. ಹಾಗಾಗಿ, ಬೀದಿಯ ದೃಶ್ಯ ನಿಶ್ಶಬ್ದವಾದ ಕೂಡಲೇ ಯಂತ್ರ ಕೆಟ್ಟಿತೆಂದು ದೂರನಿಯಂತ್ರಕಕ್ಕೆ ಕೈಹಾಕುವ ಅಗತ್ಯವಿಲ್ಲ.

ನಿಮಿಷಗಳ ಗೊಂದಲ

ಉದ್ದವನ್ನು ಡಬ್ಬಿಯ ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರಾದರೂ ಅದನ್ನು ಓದಿಕೊಳ್ಳುವುದಕ್ಕೂ ಒಂದು ಲೆಕ್ಕ ಬೇಕು. ಅಮೆರಿಕದ ಡಿವಿಡಿಯಲ್ಲಿ 110 ನಿಮಿಷವಿರುವ ಚಿತ್ರ ಇಂಗ್ಲೆಂಡಿನ ಡಿವಿಡಿಯಲ್ಲಿ 105 ನಿಮಿಷವೆಂದು ಕಂಡರೆ ಐದು ನಿಮಿಷ ಕತ್ತರಿಸಿದರೆಂದು ಗಾಬರಿಯಾಗಬೇಕಿಲ್ಲ. ಚಲಚ್ಚಿತ್ರದ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಯೂರೋಪಿನಲ್ಲಿಯೂ ಭಾರತದಲ್ಲಿಯೂ ದೂರದರ್ಶನಕ್ಕೆ ಬಳಕೆಯಾದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25. ಚಿತ್ರವನ್ನು ಒಂದಿಷ್ಟು ವೇಗವಾಗಿ ಓಡಿಸಿ ಹೊಂದಿಸುವುದು ವಾಡಿಕೆ. ಅದರಿಂದ ನೂರಕ್ಕೆ ನಾಲ್ಕು ಪಾಲು ಕಾಲ ಉಳಿಯುತ್ತದೆ. 110 ನಿಮಿಷದ ಚಿತ್ರ 105 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಸ್ವರವನ್ನು ಪ್ರತ್ಯೇಕವಾಗಿ ಸರಿಪಡಿಸದಿದ್ದರೆ ಶಿಳ್ಳೆಯೂ ಮಾತೂ ಕೊಂಚ ಕೀಚಲಾಗುತ್ತವೆ. ಬ್ಲೂ-ರೇ ಡಿಸ್ಕಿನಲ್ಲಿ 24 ಚೌಕಟ್ಟುಗಳನ್ನು ಹಾಗೆಯೇ ಇರಿಸಬಹುದಾದುದರಿಂದ ಈ ತೊಡಕಿಲ್ಲ. ಆದರೆ ನೂರು ನಿಮಿಷಕ್ಕೂ ಕಡಿಮೆಯೆಂದು ಬರೆದಿದ್ದರೆ ಅದು ಮೊಟಕಾದ ಪ್ರತಿಯೆಂದೇ ತಿಳಿಯಬೇಕು.

ಮೊಟಕು ಪ್ರತಿಗಳಲ್ಲಿ ಒಮ್ಮೊಮ್ಮೆ ಮುಕ್ತಾಯಕ್ಕೇ ಕತ್ತರಿ ಬಿದ್ದಿರುವುದುಂಟು. ಹೆಗಲ ಮೇಲೆ ಕಾನೂನಿನ ಕೈ ಬಿದ್ದೊಡನೆ ಚಿತ್ರ ಮುಗಿದರೆ, ದುಷ್ಟನು ಸಿಕ್ಕಿಬಿದ್ದನೆಂಬ ಸಮಾಧಾನದಿಂದ ಪ್ರೇಕ್ಷಕನು ಎದ್ದುಹೋಗುತ್ತಾನೆ. ಲ್ಯಾಂಗ್ ಅವರು ಅಲ್ಲಿಗೆ ಮುಗಿಸಿರಲಿಲ್ಲ. ನಿಜವಾದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಬಂದು ಪೀಠದಲ್ಲಿ ಕುಳಿತುಕೊಳ್ಳುತ್ತಾರೆ. ತೀರ್ಪೇನೆಂದು ಚಿತ್ರ ಹೇಳುವುದಿಲ್ಲ. ಕಪ್ಪು ಉಡುಪು ಧರಿಸಿದ ಮೂವರು ತಾಯಂದಿರು ಬೆಂಚಿನ ಮೇಲೆ ಕುಳಿತಿದ್ದಾರೆ. ಇದರಿಂದ ತಮ್ಮ ಮಕ್ಕಳು ಹಿಂತಿರುಗಿ ಬರಲಾರರೆಂದೂ, ಮಕ್ಕಳ ಮೇಲೆ ಇನ್ನೂ ಚೆನ್ನಾಗಿ ಕಣ್ಣಿಟ್ಟಿರಬೇಕೆಂದೂ ಎಲ್ಸಿಯ ತಾಯಿ ಹೇಳುತ್ತಾಳೆ. ತೆರೆ ಕಪ್ಪಾದ ಮೇಲೂ ಅವಳ ದನಿ ಕೇಳುತ್ತದೆ.

ಯಾವ ಡಿಸ್ಕಿನಲ್ಲಿ ಏನಿದೆ

ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 1998ರಲ್ಲಿ ಈ ಚಿತ್ರವನ್ನು ಡಿವಿಡಿಯಾಗಿ ತಂದಿತು. ಅದು ಪುನರುದ್ಧಾರಕ್ಕೆ ಮೊದಲಿನ ಸಾಮಗ್ರಿಯಿಂದ ಆದುದು. 2004ರಲ್ಲಿ ಅದೇ ಸಂಸ್ಥೆಯು ಪುನರುದ್ಧಾರಗೊಂಡ ಪಾಠವನ್ನು ಸರಿಯಾದ ಚೌಕಟ್ಟಿನಲ್ಲಿ, ಎರಡು ಡಿಸ್ಕುಗಳಾಗಿ ಹೊರತಂದಿತು. ಒಂದೇ ಸಂಸ್ಥೆಯ ಈ ಎರಡು ಮುದ್ರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪುನರುದ್ಧಾರವೆಂದರೇನೆಂದು ಯಾರಾದರೂ ಹೇಳದೆಯೇ ತಿಳಿಯುತ್ತದೆ. ಎರಡನೆಯ ಮುದ್ರಣದಲ್ಲಿ ವಿದ್ವಾಂಸರಾದ ಆಂಟನ್ ಕೇಸ್ ಮತ್ತು ಎರಿಕ್ ರೆಂಟ್ಶ್ಲರ್ ಅವರ ವ್ಯಾಖ್ಯಾನವಿದೆ. ಚಿತ್ರದ ಪ್ರತಿಗಳು ಎಲ್ಲೆಲ್ಲಿ ಹೇಗೆ ಬದಲಾದವೆಂಬುದನ್ನು ವಿವರಿಸುವ ಕಿರುಚಿತ್ರವಿದೆ. 1975ರಲ್ಲಿ ವಿಲಿಯಂ ಫ್ರೀಡ್ಕಿನ್ ಅವರು ಲ್ಯಾಂಗ್ ಅವರೊಡನೆ ನಡೆಸಿದ ಸಂಭಾಷಣೆಯೂ ಇದೆ.

2010ರಲ್ಲಿ ಇಂಗ್ಲೆಂಡಿನ ಯುರೇಕಾ ಸಂಸ್ಥೆಯೂ ಕ್ರೈಟೀರಿಯನ್ ಸಂಸ್ಥೆಯೂ ತಮ್ಮ ತಮ್ಮ ಬ್ಲೂ-ರೇಗಳನ್ನು ಪ್ರಕಟಿಸಿದವು. ಎರಡರಲ್ಲಿಯೂ ಚೌಕಟ್ಟು 1.19, ಉದ್ದ 110 ನಿಮಿಷ, ಮೌನವು ಮೌನವಾಗಿಯೇ ಇದೆ. ಎರಡರಲ್ಲಿಯೂ ಒಂದು ಹೆಚ್ಚಿನ ಕೊಡುಗೆಯುಂಟು. ಇಂಗ್ಲಿಷ್ ಪ್ರೇಕ್ಷಕರಿಗಾಗಿ 1932ರಲ್ಲಿ ತಯಾರಾಗಿ, ಬಹುಕಾಲ ಕಣ್ಮರೆಯಾಗಿದ್ದ ಪಾಠವನ್ನು ಇವುಗಳಲ್ಲಿ ಸೇರಿಸಿದ್ದಾರೆ. ಅದರಲ್ಲಿ ಲೋರೆಯವರು ಭಟ್ಟಿಯ ನ್ಯಾಯಸ್ಥಾನದ ಭಾಷಣವನ್ನು ಇಂಗ್ಲಿಷಿನಲ್ಲಿಯೇ ಮತ್ತೊಮ್ಮೆ ಅಭಿನಯಿಸಿದ್ದಾರೆ. ಉದ್ದ 93 ನಿಮಿಷ ಮಾತ್ರ. ಕುತೂಹಲಕ್ಕೆ ನೋಡತಕ್ಕದ್ದೇ ಹೊರತು ಮೂಲಕ್ಕೆ ಬದಲಾಗಿ ಅಲ್ಲ.

ಇವೆರಡರಲ್ಲಿ ಯಾವುದನ್ನು ಆರಿಸುವುದೆಂಬುದು ಗುಣಕ್ಕಿಂತ ಹೆಚ್ಚಾಗಿ ಮನೆಯಲ್ಲಿರುವ ಯಂತ್ರಕ್ಕೆ ಸೇರಿದ ಪ್ರಶ್ನೆ. ಡಿಸ್ಕುಗಳ ಮಾರಾಟಕ್ಕಾಗಿ ಲೋಕವನ್ನು ವಲಯಗಳಾಗಿ ಹಂಚಿಕೊಂಡಿದ್ದಾರೆ. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಇಂಗ್ಲೆಂಡ್ ‘ಬಿ’, ಭಾರತ ‘ಸಿ’. ಡಿವಿಡಿಯಲ್ಲಿ ಅಮೆರಿಕ 1, ಇಂಗ್ಲೆಂಡ್ 2, ಭಾರತ 5. ಬೆಂಗಳೂರಿನಲ್ಲಿ ಕೊಂಡ ಯಂತ್ರವು ಅನ್ಯವಲಯದ ಡಿಸ್ಕನ್ನು ನಿರಾಕರಿಸಬಹುದು. ವಿದೇಶದಲ್ಲಿರುವ ಮಗನಿಗೋ ಅಳಿಯನಿಗೋ ತರಲು ಹೇಳುವ ಮುನ್ನ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಸವೆದ ಹಳೆಯ ಪ್ರತಿಗಳಿಂದ ಅವಸರದಲ್ಲಿ ಮಾಡಿದ ಅಗ್ಗದ ಡಿಸ್ಕುಗಳೂ ಮಾರುಕಟ್ಟೆಗೆ ಬಂದಿವೆ. ಚೌಕಟ್ಟಿನ ಅಳತೆಯನ್ನೂ ಪುನರುದ್ಧಾರ ಮಾಡಿದವರ ಹೆಸರನ್ನೂ ಹೇಳದ ಡಿಸ್ಕನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು.

ಕತ್ತರಿಯ ಅಪಾಯ

ಒಂದು ಹಳೆಯ ಚಿತ್ರಕ್ಕೆ ಇಷ್ಟೊಂದು ಜಿಜ್ಞಾಸೆ ಏಕೆಂದು ಕೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. 1940ರಲ್ಲಿ ನಾಟ್ಸಿಗಳು ಯೆಹೂದ್ಯರ ವಿರುದ್ಧ ದ್ವೇಷ ಹರಡಲು ಒಂದು ಪ್ರಚಾರಚಿತ್ರವನ್ನು ತಯಾರಿಸಿದರು. ಅದರೊಳಗೆ ತಾವೇ ನಿಷೇಧಿಸಿದ್ದ ‘ಎಂ’ ಚಿತ್ರದಿಂದ ಲೋರೆಯವರ ಭಾಷಣದ ತುಣುಕನ್ನು ಕತ್ತರಿಸಿ ಅಂಟಿಸಿದರು. ಲೋರೆ ಯೆಹೂದ್ಯರು. ಪಾತ್ರದ ಮಾತನ್ನು ನಟನ ತಲೆಗೆ ಕಟ್ಟಿ, ನಟನನ್ನು ಒಂದು ಜನಾಂಗದ ಗುರುತಾಗಿ ನಿಲ್ಲಿಸಿದರು. ಮೂಲಚಿತ್ರದಲ್ಲಿ ಆ ಭಾಷಣವು, ಎಂಥ ಪಾತಕಿಯನ್ನಾದರೂ ಗುಂಪಿನ ಕೈಗೆ ಒಪ್ಪಿಸಬಾರದೆಂಬ ವಾದದ ಭಾಗ. ಹಿಂದುಮುಂದಿನ ದೃಶ್ಯಗಳನ್ನು ತೆಗೆದುಹಾಕಿದೊಡನೆ ಅದೇ ಮಾತು ಗುಂಪನ್ನು ಕೆರಳಿಸುವ ಸಾಧನವಾಯಿತು. ಒಂದಕ್ಷರವನ್ನೂ ತಿದ್ದಲಿಲ್ಲ, ಕತ್ತರಿಸಿದರು, ಅಷ್ಟೇ.

ಮೊಟಕಾದ ತುಣುಕು ಸುಳ್ಳು ಸಾಕ್ಷಿ ಹೇಳುವ ಕಾಲ ಆ ಯುದ್ಧದೊಡನೆ ಮುಗಿಯಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಗಳೂ ವೀಡಿಯೋ ತುಣುಕುಗಳೂ ಮೊಬೈಲುಗಳಲ್ಲಿ ಹರಿದಾಡಿ, ದೇಶದ ಹಲವೆಡೆ ನಿರಪರಾಧಿಗಳ ಪ್ರಾಣ ಹೋಯಿತು. ಅದೇ ವರ್ಷ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ತರುಣನೊಬ್ಬನಿಗೂ ಅದೇ ಗತಿಯಾಯಿತು. ಮಗುವಿಗೆ ಗಂಟೆ ಎಷ್ಟೆಂದು ಹೇಳಿ ಗುಂಪಿನ ನಡುವೆ ಸಿಕ್ಕಿಕೊಂಡ ಆ ಕನ್ನಡಕದ ಬಡಪಾಯಿಯನ್ನು ಲ್ಯಾಂಗ್ 1931ರಲ್ಲಿಯೇ ತೋರಿಸಿದ್ದರು. ಮಕ್ಕಳ ಮೇಲಿನ ಪ್ರೀತಿಯೇ ತಿರುಗಿ ನಿರಪರಾಧಿಯ ಮೇಲೆ ಕಲ್ಲಾಗಿ ಬೀಳಬಹುದೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಚಿತ್ರಗಳು ವಿರಳ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿದ್ದಾರೆ. ಡಿಸ್ಕಿಗೂ ಅದೇ ಮಾತು, ಮೊಬೈಲಿನ ತುಣುಕಿಗೂ ಅದೇ ಮಾತು. ಹಿಂದೇನಿತ್ತು, ಮುಂದೇನಿದೆ, ಯಾರು ಸೇರಿಸಿದರು, ಯಾರು ತೆಗೆದರು ಎಂದು ಕೇಳುವ ಅಭ್ಯಾಸ ಮನೆಯಲ್ಲಿ ಬೆಳೆದರೆ, ಒಂದು ಸಂಜೆಯ ಮನರಂಜನೆಗಿಂತ ಹೆಚ್ಚಿನ ಲಾಭವಾದೀತು.

‘ಎಂ’ ಎಳೆಯ ಮಕ್ಕಳಿಗೆ ತಕ್ಕ ಚಿತ್ರವಲ್ಲ. ಅವರು ಮಲಗಿದ ಮೇಲೆ ಹಿರಿಯರೂ ಕಾಲೇಜಿನಲ್ಲಿ ಓದುವ ಮಕ್ಕಳೂ ಜೊತೆಯಾಗಿ ಕುಳಿತು ನೋಡಬಹುದು. ನೋಡುವಾಗ ಡಬ್ಬಿಯ ಹಿಂಬದಿಯಲ್ಲಿ 1.19 ಮತ್ತು 110 ಎಂಬ ಎರಡು ಅಂಕಿಗಳಿರಲಿ. ಪಾಲ್ ಪದ್ಧತಿಯ ಡಿವಿಡಿಯಾದರೆ 105. ಕೊನೆಯಲ್ಲಿ ತೆರೆ ಕಪ್ಪಾಯಿತೆಂದು ಥಟ್ಟನೆ ಎದ್ದು ಯಂತ್ರವನ್ನು ಆರಿಸಬಾರದು. ಆ ತಾಯಿಯ ಮಾತು ಮುಗಿಯುವುದು ಅದಾದ ಮೇಲೆ.